ಮಗಳಿಗೊಂದು ಪತ್ರ: ನಾನು ಬರೆದು ಕಳುಹಿಸದ ವಾಕ್ಯ

ಬಳ್ಳಾರಿ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಲಿಂಗಸುಗೂರಿನಲ್ಲಿ ನೀವು ಹದಿನಾಲ್ಕು ಕುಟುಂಬಗಳು ಸೇರಿ ಆರಂಭಿಸಿರುವ ಹೊಸ ಕ್ರೈಸ್ತ ಸಭೆಯ ಧ್ಯೇಯವನ್ನು ಒಂದೇ ವಾಕ್ಯದಲ್ಲಿ ಬರೆದುಕೊಡಬೇಕೆಂದು ಕೇಳಿದ್ದೀಯ. ವರ್ಷಗಟ್ಟಲೆ ಸಭೆಯ ನಡಾವಳಿ ಬರೆದ ಕೈಗೆ ಅದೇನೂ ಕಷ್ಟವಲ್ಲ, ಆದರೂ ಬರೆಯುತ್ತಿಲ್ಲ. ನೀನಿನ್ನೂ ಸಂಡೇ ಸ್ಕೂಲಿಗೆ ಹೋಗುತ್ತಿದ್ದಾಗ ನಮ್ಮ ಬಡಾವಣೆಯಲ್ಲೊಂದು ಪ್ರಾರ್ಥನಾ ಕೂಟ ಶುರುವಾಗಿತ್ತು. ಅದರ ಉದ್ದೇಶಗಳನ್ನು ನಾನೊಬ್ಬನೇ ಒಂದು ರಾತ್ರಿ ಕುಳಿತು ಬರೆದು, ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕಿದೆ. ಎಲ್ಲರೂ ಬಹಳ ಚೆನ್ನಾಗಿದೆ ಎಂದರು. ಎರಡು ವರ್ಷದೊಳಗೆ ಕೂಟ ಚದುರಿತು. ಬಾಡಿಗೆ ಕೋಣೆ ಖಾಲಿ ಮಾಡುವ ದಿನ ಆ ಫಲಕ ಇಳಿಸಿದವನೂ ನಾನೇ. ಅದರ ಹಿಂದೆ ಹಲ್ಲಿ ಮೊಟ್ಟೆ ಇಟ್ಟಿತ್ತು.

ನಿಮ್ಮಲ್ಲಿ ಹಟ್ಟಿ ಚಿನ್ನದ ಗಣಿಯ ನೌಕರರಿದ್ದಾರೆ, ರಾಯಚೂರಿನಿಂದ ಬಂದ ಮೆಥೋಡಿಸ್ಟ್ ಪಂಗಡದ ಮನೆಯವರಿದ್ದಾರೆ, ನಮ್ಮಂಥ ಸಿ.ಎಸ್.ಐ.ನವರು, ಅಂದರೆ ದಕ್ಷಿಣ ಭಾರತ ಸಭೆಯವರಿದ್ದಾರೆ, ಮನೆಯಲ್ಲಿ ತೆಲುಗಾಡುವವರೂ ಇದ್ದಾರೆ. ಇಷ್ಟು ಬಗೆಯ ಜನ ಮೂರು ತಿಂಗಳಾದರೂ ಒಮ್ಮತಕ್ಕೆ ಬರಲಿಲ್ಲವೆಂದು ನೀನು ಬೇಸರಪಟ್ಟಿರುವುದನ್ನು ಓದಿ ನನಗೆ ನಗು ಬಂತು. ಬೇರೆ ಬೇರೆ ಸಭೆಗಳು ಒಂದಾಗಬೇಕೆಂಬ ಮಾತು ತಮಿಳುನಾಡಿನ ತರಂಗಂಬಾಡಿಯಲ್ಲಿ ಎದ್ದದ್ದು 1919ರಲ್ಲಿ. ದಕ್ಷಿಣ ಭಾರತ ಸಭೆ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು. ನಡುವಿನ 28 ವರ್ಷಗಳಲ್ಲಿ ಬಿಷಪ್ಪರ ಹುದ್ದೆ ಮತ್ತು ಪಾದ್ರಿಗಳ ದೀಕ್ಷೆಯ ವಿಚಾರ ಬಹುಕಾಲ ಕಗ್ಗಂಟಾಗಿಯೇ ಇತ್ತು.

ಕಳೆದ ತಿಂಗಳು ನಿಮ್ಮಲ್ಲಿಗೆ ಬಂದಾಗ ಕಂಡದ್ದನ್ನು ಹೇಳುತ್ತೇನೆ. ಆರಾಧನೆ ಮುಗಿದ ಮೇಲೆ ಹಿರಿಯರು ಹೊಸ ಬೋರ್ಡಿನಲ್ಲಿ 'ಸಭೆ' ಎಂದಿರಬೇಕೋ 'ಪ್ರಾರ್ಥನಾ ಮಂದಿರ' ಎಂದಿರಬೇಕೋ ಎಂದು ಮುಕ್ಕಾಲು ಗಂಟೆ ವಾದಿಸಿದರು. ಅಷ್ಟು ಹೊತ್ತೂ ಬಾಗಿಲ ಹೊರಗೆ, ಚಪ್ಪಲಿಗಳ ಪಕ್ಕದಲ್ಲಿ, ಒಬ್ಬ ಅಜ್ಜಿ ಇಬ್ಬರು ಮೊಮ್ಮಕ್ಕಳನ್ನು ಒರಗಿಸಿಕೊಂಡು, ಸೆರಗಿನ ಗಂಟಿನಲ್ಲಿ ಮೊಬೈಲ್ ಕಟ್ಟಿಕೊಂಡು ಕುಳಿತಿದ್ದರು. ಮಗ ಸೊಸೆ ಬೆಂಗಳೂರಿಗೆ ಗುಳೆ ಹೋಗಿದ್ದರು. ಅವರಿಗೆ ಫೋನು ಹಚ್ಚಿಕೊಡಲು ಅಕ್ಷರ ಬಲ್ಲ ಯಾರಾದರೊಬ್ಬರು ಹೊರಗೆ ಬರಲೆಂದು ಕಾಯುತ್ತಿದ್ದರು. ಕೊನೆಗೆ ಹಚ್ಚಿಕೊಟ್ಟದ್ದು ನೀನು. ನಿನಗೆ ಮರೆತಿರಬಹುದು. ನಾನು ಬಳ್ಳಾರಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ನೆನೆಯುತ್ತಿದ್ದೆ.

ಆದ್ದರಿಂದ ಮುಂದಿನ ಕೂಟದಲ್ಲಿ ಬೈಬಲಿನ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿಸು. ಯೆರೂಸಲೇಮಿನಲ್ಲಿ ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವವರ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂಬ ಗೊಣಗಾಟ ಎದ್ದಾಗ, ಅಪೊಸ್ತಲರು ಅದನ್ನು ಅದುಮದೆ, ಎಲ್ಲರನ್ನೂ ಕರೆದು, ಏಳು ಮಂದಿಯನ್ನು ನೀವೇ ಆರಿಸಿಕೊಳ್ಳಿರೆಂದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ ಎಂಬುದನ್ನು ಗಮನಿಸು; ದೂರಿದವರ ಕಡೆಯವರ ಕೈಗೇ ಹೊಣೆ ಬಂದಂತೆ ನನಗೆ ಕಾಣುತ್ತದೆ. ನಮ್ಮ ಹಾಡು ಬರುವುದೇ ಇಲ್ಲವೆಂದು ತೆಲುಗಿನ ಮನೆಯವರು ಮುನಿಸಿಕೊಂಡಿದ್ದಾರೆ ಎಂದು ಬರೆದಿದ್ದೀಯಲ್ಲ, ಆ ಮುನಿಸನ್ನೇ ಮೊದಲು ಎಲ್ಲರ ನಡುವೆ ಇಡು. ಒಂದು ಭಾನುವಾರದ ಹಾಡುಗಳನ್ನು ಆರಿಸುವ ಕೆಲಸ ಅವರಿಗೇ ಇರಲಿ.

ನಮ್ಮ ಉದ್ದೇಶವೇನೆಂದು ನೇರವಾಗಿ ಕೇಳಬೇಡ. ಕೇಳಿದರೆ ಎಲ್ಲರೂ ಪಾದ್ರಿಗಳ ಪ್ರಸಂಗದ ಭಾಷೆಯಲ್ಲಿ, ಸುವಾರ್ತೆ ಸಾರುವುದು, ದೇವರನ್ನು ಮಹಿಮೆಪಡಿಸುವುದು ಎಂದೇ ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಆ ಹದಿನಾಲ್ಕು ಮನೆಯವರು ಬೇರೆಲ್ಲಿಗೂ ಹೋಗದೆ ನಿಮ್ಮ ಮೆಟ್ಟಿಲನ್ನೇ ಏಕೆ ಹತ್ತುತ್ತಾರೆಂಬುದು ಅದರಿಂದ ತಿಳಿಯುವುದಿಲ್ಲ. ಬೈಬಲಿನಲ್ಲಿ ಯೆರೂಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿಸಿದ ನೆಹೆಮೀಯನು ಯಾರಿಗೂ ಹೇಳದೆ ರಾತ್ರಿ ಹೊತ್ತು ಹೋಗಿ ಮುರಿದ ಗೋಡೆಯನ್ನು ಪರೀಕ್ಷಿಸಿ ನೋಡಿದ ಮೇಲೆಯೇ ಜನರ ಮುಂದೆ ಬಾಯಿ ತೆರೆದನು. ನೀನೂ ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು ಮನೆಮನೆಗೆ ಹೋಗು. ಕಳೆದ ಸಲ ಕಷ್ಟ ಬಂದಾಗ ನಿಮ್ಮ ಮನೆಗೆ ಮೊದಲು ಬಂದವರು ಯಾರು, ಸಭೆಯಲ್ಲಿ ಯಾವ ದಿನ ಮನಸ್ಸು ಹಗುರಾಯಿತು, ಯಾವ ದಿನ ಎದ್ದು ಹೋಗೋಣವೆನಿಸಿತು ಎಂದು ಕೇಳು. ಹಜಾರದಲ್ಲಿ ಗಂಡಸರು ಮಾತಾಡಿ ಮುಗಿಸಿದ ಮೇಲೆ ಒಲೆಯ ಬಳಿಗೂ ಹೋಗು. ನನ್ನ ಅನುಭವದಲ್ಲಿ ನಿಜವಾದ ಉತ್ತರ ಅಲ್ಲಿಯೇ ಸಿಕ್ಕಿದೆ. ಅವರಾಡಿದ ಮಾತನ್ನು ತಿದ್ದದೆ, ಆಡಿದ ಹಾಗೆಯೇ ಬರೆದುಕೊ.

ಬಳಿಕ ಒಂದೇ ಒಂದು ಕೆಲಸ ಹಿಡಿಯಿರಿ. ಗುಳೆ ಹೋದವರ ಮನೆಯ ಮಕ್ಕಳನ್ನೂ ಮುದುಕರನ್ನೂ ವಾರಕ್ಕೊಮ್ಮೆ ಹೋಗಿ ನೋಡಿಬರುವುದು ಅದಾಗಬಹುದೆಂದು ನನ್ನ ಊಹೆ. ತಪ್ಪಿದ್ದರೆ ನಿಮ್ಮವರೇ ತಿದ್ದಲಿ. ಮೂರು ತಿಂಗಳು ಮಾಡಿ, ಕರೆಯದೆಯೇ ಬಂದವರು ಯಾರು ಎಂದು ನೋಡಿರಿ. ಯಾರೂ ಬಾರದಿದ್ದರೆ ಸಂಕೋಚಪಡದೆ ಬಿಟ್ಟು ಬೇರೆಯದನ್ನು ಹಿಡಿಯಿರಿ. ಕಾಣಿಕೆಯ ಲೆಕ್ಕವನ್ನು ಮಾತ್ರ ತಿಂಗಳು ತಿಂಗಳು ಎಲ್ಲರೆದುರು ಓದುವುದನ್ನು ತಪ್ಪಿಸಬೇಡಿರಿ.

ಬೋರ್ಡು ಬರೆಯುವವನಿಗೆ ಮುಂಗಡ ಕೊಟ್ಟಾಗಿದ್ದರೆ ಊರಿನ ಹೆಸರು ಮತ್ತು ಆರಾಧನೆಯ ಸಮಯವನ್ನಷ್ಟೇ ಬರೆಯಲು ಹೇಳು. ಈ ಪತ್ರದ ಜೊತೆಗೆ ನಿನ್ನ ಅವ್ವ ಆ ಅಜ್ಜಿಗೆಂದು ದೊಡ್ಡ ಗುಂಡಿಗಳಿರುವ ನಮ್ಮ ಹಳೆಯ ಫೋನು ಕಳುಹಿಸುತ್ತಿದ್ದಾಳೆ. ಒಂದೇ ಗುಂಡಿ ಒತ್ತಿ ಹಿಡಿದರೆ ಮಗನಿಗೆ ಹೋಗುವಂತೆ ಮಾಡಿಕೊಡು.

ನಿನ್ನ ಅಪ್ಪ