ಹತ್ತು ವರ್ಷದ ಕಲ್ಲು, ಮೂರೂವರೆ ಲಕ್ಷ ವರ್ಷ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಊರಿನ ಸಮಾಚಾರವೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನಿನ್ನ ಪತ್ರದ ಒಂದು ಸಾಲು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ: "ಹತ್ತು ವರ್ಷದ ಕಲ್ಲಿಗೇ ಲಕ್ಷಗಟ್ಟಲೆ ವರ್ಷ ತೋರಿಸಿದ ಮೇಲೆ, ನಾನು ಓದುತ್ತಿರುವ ಕೋಟಿಗಳನ್ನು ಹೇಗೆ ನಂಬಲಿ?" ನಿನ್ನ ರೂಮ್‌ಮೇಟ್ ಭೂಮಿಗೆ ಆರು ಸಾವಿರ ವರ್ಷ ಅನ್ನುವುದು ನನಗೆ ಚಿಂತೆಯಲ್ಲ. 1650ರಲ್ಲಿ ಆರ್ಚ್‌ಬಿಷಪ್ ಜೇಮ್ಸ್ ಅಶರ್ ಬೈಬಲಿನ ವಂಶಾವಳಿ ಕೂಡಿಸಿ ಸೃಷ್ಟಿಯನ್ನು ಕ್ರಿ.ಪೂ. 4004ಕ್ಕೆ ಇಟ್ಟರು, ಅದು ಅವರ ನಂಬಿಕೆ. ನೀನು ಅಳತೆಯನ್ನೇ ಅನುಮಾನಿಸಿದ್ದು ಕೊರೆಯುತ್ತಿದೆ.

ಆ ಕಲ್ಲು ನಿಜ. ಸೇಂಟ್ ಹೆಲೆನ್ಸ್ ಜ್ವಾಲಾಮುಖಿ 1980ರಲ್ಲಿ ಸಿಡಿದ ಮೇಲೆ ಅದರ ಬಾಯಲ್ಲಿ ಲಾವಾ ಗುಮ್ಮಟ ಬೆಳೆಯಿತು. 1986ರಲ್ಲಿ ಗಟ್ಟಿಯಾದ ತುಂಡನ್ನು ಸೃಷ್ಟಿವಾದಿ ಭೂವಿಜ್ಞಾನಿ ಸ್ಟೀವನ್ ಆಸ್ಟಿನ್ ಪೊಟ್ಯಾಸಿಯಂ-ಆರ್ಗಾನ್ ಪರೀಕ್ಷೆ ಮಾಡಿಸಿದರು. ಬಂದದ್ದು 3.5 ಲಕ್ಷ ವರ್ಷ. ಕಲ್ಲಿನೊಳಗಿನ ಪೊಟ್ಯಾಸಿಯಂ-40 ನಿಧಾನವಾಗಿ ಕ್ಷಯಿಸುತ್ತ ಅದರ ಒಂದಷ್ಟು ಭಾಗ ಆರ್ಗಾನ್ ಅನಿಲವಾಗುತ್ತದೆ, ಅದನ್ನು ಅಳೆದು ವಯಸ್ಸು ಲೆಕ್ಕ ಹಾಕುತ್ತಾರೆ. ಪೊಟ್ಯಾಸಿಯಂ-40ರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, 125 ಕೋಟಿ ವರ್ಷ. ಹತ್ತು ವರ್ಷದಲ್ಲಿ ಹುಟ್ಟುವ ಆರ್ಗಾನ್ ಆ ಯಂತ್ರಕ್ಕೆ ಸಿಗುವಷ್ಟೂ ಇರುವುದಿಲ್ಲ. ಸಿಕ್ಕಿದ್ದು, ಲಾವಾ ಮೇಲೆ ಬರುವ ಮೊದಲೇ ಹರಳುಗಟ್ಟಿದ್ದ ಖನಿಜಗಳೊಳಗೆ ಸಿಕ್ಕಿಕೊಂಡಿದ್ದ ಹಳೆಯ ಆರ್ಗಾನ್. ಲಾರಿ ತೂಗುವ ವೇ ಬ್ರಿಡ್ಜ್ ಮೇಲೆ ಮೂಗುತಿ ಇಟ್ಟ ಹಾಗೆ.

ಅದೇ ತಪ್ಪು ನಮ್ಮ ರಾಮನಗರದ ಗ್ರಾನೈಟಿಗೂ ಅಂಟಿತು ಅಂದುಕೋ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. 250 ಕೋಟಿಯಲ್ಲಿ 3.5 ಲಕ್ಷ ಅಂದರೆ ಶೇ. 0.014. ಕೆಲವೊಮ್ಮೆ ಇನ್ನೂ ಹೆಚ್ಚು ಆರ್ಗಾನ್ ಸೇರಿರುತ್ತದೆ, ಒಪ್ಪುತ್ತೇನೆ. ಅದಕ್ಕೇ ಆರ್ಗಾನ್-ಆರ್ಗಾನ್ ವಿಧಾನ: ಹರಳಿಗೆ ರಿಯಾಕ್ಟರಿನಲ್ಲಿ ನ್ಯೂಟ್ರಾನ್ ಹೊಡೆಸಿ, ಹಂತ ಹಂತವಾಗಿ ಕಾಯಿಸಿ, ಪ್ರತಿ ಹಂತದ ಅನಿಲವನ್ನೂ ಬೇರೆಯಾಗಿ ಅಳೆಯುವುದು. ಹಳೆಯ ಆರ್ಗಾನ್ ಸೇರಿದ್ದರೆ ಹಂತಗಳು ಒಂದಕ್ಕೊಂದು ತಾಳೆಯಾಗದೆ ಸುಳಿವು ಸಿಗುತ್ತದೆ. 1997ರಲ್ಲಿ ಭೂವಿಜ್ಞಾನಿ ಪಾಲ್ ರೆನ್ನೆ ತಂಡ ಇಟಲಿಯ ವೆಸೂವಿಯಸ್ ಜ್ವಾಲಾಮುಖಿಯ ಕ್ರಿ.ಶ. 79ರ ಸ್ಫೋಟದ ಹರಳುಗಳಿಗೆ ಹೀಗೆ ಕಂಡುಕೊಂಡ ವಯಸ್ಸು 1925 ವರ್ಷ, ಆಚೀಚೆ 94. ಇತಿಹಾಸದ ಲೆಕ್ಕ 1918.

ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ ಅಂತ ನಿನಗೆ ಬಾಯಿಪಾಠ ಮಾಡಿಸಿದೆನೇ ಹೊರತು ಹೇಗೆ ಗೊತ್ತು ಅಂತ ಹೇಳಲಿಲ್ಲ. ತಪ್ಪು ನನ್ನದೇ. ಅಂಥ ಕಲ್ಲನ್ನು ಪುಡಿಮಾಡಿ, ಭಾರದ ದ್ರವದಲ್ಲಿ ತಳ ಸೇರಿದ್ದನ್ನು ತೆಗೆದು, ಅಯಸ್ಕಾಂತಕ್ಕೆ ಅಂಟದ ಜಿರ್ಕಾನ್ ಹರಳುಗಳನ್ನು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಆರಿಸುತ್ತಾರೆ. ಜಿರ್ಕಾನ್ ಬೆಳೆಯುವಾಗ ಯುರೇನಿಯಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಹೊರಗೇ ನಿಲ್ಲಿಸುತ್ತದೆ. ಆಮೇಲೆ ಒಳಗೆ ಕಾಣುವ ಸೀಸ ಹೆಚ್ಚುಕಡಿಮೆ ಎಲ್ಲ ಯುರೇನಿಯಂ ಕ್ಷಯಿಸಿ ಆದದ್ದು. ಯುರೇನಿಯಮ್ಮಿನಲ್ಲಿ ಎರಡು ಬಗೆ, ಹಾಗಾಗಿ ಒಂದೇ ಹರಳಿನಲ್ಲಿ ಎರಡು ಗಡಿಯಾರ: ಯುರೇನಿಯಂ-238ರ ಅರ್ಧಾಯುಷ್ಯ 447 ಕೋಟಿ ವರ್ಷ, 235ರದು 70.4 ಕೋಟಿ. ನಡುವೆ ಸೀಸ ಸೋರಿದ್ದರೆ ಎರಡೂ ಬೇರೆ ಬೇರೆ ವಯಸ್ಸು ಹೇಳಿ ಕಳ್ಳತನ ಬಯಲಾಗುತ್ತದೆ.

ಉಪದೇಶ ಮಾಡಲು ಸಂಕೋಚ, ಆದರೂ ಒಂದು. ಯಾರೇ ವಯಸ್ಸು ಹೇಳಲಿ, ಯಾವ ವಿಧಾನ, ಯಾವ ಖನಿಜ, ಆಚೀಚೆ ಎಷ್ಟು ಅಂತ ಕೇಳು. ಕಾರ್ಬನ್-14 ವಿಧಾನ ಅಂದರೆ, ಅದು 50,000 ವರ್ಷದಾಚೆಗೆ ನಡೆಯುವುದಿಲ್ಲ. ಮತ್ತೆ, ನಮ್ಮವರ ಕಲ್ಪ 432 ಕೋಟಿ ವರ್ಷ ಅಂತ ಅವಳೆದುರು ಎದೆ ತಟ್ಟಿಕೊಳ್ಳಬೇಡ. ಭೂಮಿಯ 454 ಕೋಟಿಗೆ ಹತ್ತಿರ ಬಂದಿರಬಹುದು, ಆದರೆ ಆ ಕಲ್ಪವನ್ನೂ ಯಾರೂ ಕಲ್ಲಿನಿಂದ ಅಳೆದದ್ದಲ್ಲ. ಚರ್ಚಿಗೆ ಕರೆದರೆ ಹೋಗಿ ಬಾ, ಜಗಳ ಬೇಡ.

ಆ ಹತ್ತು ವರ್ಷದ ಕಲ್ಲು ಇನ್ನೂ ಹೆದರಿಸಿದರೆ ಆಸ್ಟಿನ್ ಕೊಟ್ಟ ಪಟ್ಟಿಯನ್ನೇ ಪೂರ್ತಿ ಓದು. ಇಡೀ ಕಲ್ಲಿಗೆ 3.5 ಲಕ್ಷ ಬಂದಿದೆ, ಅದರಿಂದಲೇ ಬೇರ್ಪಡಿಸಿದ ಪೈರಾಕ್ಸೀನ್ ಎಂಬ ಖನಿಜಕ್ಕೆ 28 ಲಕ್ಷ. ಒಂದೇ ಕಲ್ಲಿಗೆ ಎರಡು ವಯಸ್ಸು ಇರಲಾರದು; ಹಳೆಯ ಆರ್ಗಾನ್ ಆ ಹರಳುಗಳಲ್ಲೇ ಕೂತಿತ್ತು ಅನ್ನುವುದಕ್ಕೆ ಅವರ ಪಟ್ಟಿಯೇ ಸಾಕ್ಷಿ.

ಇಂತಿ,
ನಿನ್ನ ದೊಡ್ಡಪ್ಪ