ಬಳ್ಳಾರಿ ಸಂಸದರಿಗೊಂದು ಬಹಿರಂಗ ಪತ್ರ: ಮೊದಲ ವಿಮಾನ ಹಾರಿದ ಮೇಲೆ ಮುಂದೇನು?

ಮಾನ್ಯ ಸಂಸದರಿಗೆ ನಮಸ್ಕಾರ್ರಿ,

ನಾನು ಬಳ್ಳಾರಿಲಿ ಸಣ್ಣದೊಂದು ಮಷಿನ್ ಶಾಪ್ ನಡಸ್ತೀನಿ ಸರ್, ತೋರಣಗಲ್ ಕಡೆ ಕೆಲಸಕ್ಕೆ ಶಾಫ್ಟು, ಬುಷ್ಷು ಮಾಡಿಕೊಡೋದು ನಮ್ಮ ಕಸುಬು. ಫೈಟರ್ ಜೆಟ್ ವಿಷ್ಯ ಇವನಿಗ್ಯಾಕೆ ಅನ್ಬ್ಯಾಡ್ರಿ. ಎಎಮ್‌ಸಿಎ ಅಂತ ನಮ್ಮ ದೇಶದ ಸ್ಟೆಲ್ತ್ ಫೈಟರ್, ಅಂದ್ರೆ ರೇಡಾರಿಗೆ ಸುಲಭಕ್ಕೆ ಸಿಗದ ಯುದ್ಧವಿಮಾನ ಐತಲ್ಲ, ಬೆಂಗಳೂರಿನ ಎಡಿಎ (ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ) ಅನ್ನೋ ಸರ್ಕಾರಿ ಸಂಸ್ಥೆಯೋರು ಡಿಸೈನ್ ಮಾಡ್ತಿರೋದು, ಅದಕ್ಕೆ 2024ರ ಮಾರ್ಚಲ್ಲಿ ಕೇಂದ್ರ ಸುಮಾರು 15,000 ಕೋಟಿಗೆ ಒಪ್ಪಿಗೆ ಕೊಡ್ತು, ಆ ದುಡ್ಡಲ್ಲಿ ಬರೋದು ಐದು ಪ್ರೊಟೊಟೈಪ್, ಅಂದ್ರೆ ಹಾರಿಸಿ ಪರೀಕ್ಷೆ ಮಾಡೋ ಮಾದರಿ ವಿಮಾನ. ಮೊದಲನೇದು ಹಾರಿದ ದಿನ ಎಲ್ರೂ ಚಪ್ಪಾಳೆ ಹೊಡೀತಾರೆ, ನಾನೂ ಹೊಡೀತೀನಿ. ಆದ್ರೆ ಅಸಲಿ ಕಷ್ಟ ಶುರು ಆಗೋದು ಅವತ್ತಿಂದ, ಅದರ ಬಗ್ಗೆ ಪಾರ್ಲಿಮೆಂಟಲ್ಲಿ ಯಾರೂ ಜೋರಾಗಿ ಕೇಳ್ತಿಲ್ಲ ಅಂತ ನನ್ನ ಸಂಕಟ.

ಅಮೆರಿಕದೋರ್ದು ನೋಡ್ರಿ. ಅವರ ಎಫ್-22 ಸ್ಟೆಲ್ತ್ ಫೈಟರಿನ ಪ್ರೊಟೊಟೈಪ್ ವೈಎಫ್-22 ಹಾರಿದ್ದು 1990ರ ಸೆಪ್ಟೆಂಬರಲ್ಲಿ, ಮರುವರ್ಷ ಪೈಪೋಟಿಗಿದ್ದ ವೈಎಫ್-23ನ ಹಿಂದೆ ಹಾಕಿ ಸೆಲೆಕ್ಟೂ ಆಯ್ತು. ಆದ್ರೂ ಆ ವಿಮಾನ ಹಂಗೇ ಫ್ಯಾಕ್ಟರಿಗೆ ಹೋಗ್ಲಿಲ್ಲ, ರೆಕ್ಕೆ ಆಕಾರ ಬದಲಾಯ್ತು, ಬಾಲದ ಮೇಲಿನ ನಿಂತ ರೆಕ್ಕೆಗಳು ಸಣ್ಣವಾದ್ವು, ಕಾಕ್‌ಪಿಟ್ ಮುಂದಕ್ಕೆ ಹೋಯ್ತು, ಇಂಜಿನ್ನಿಗೆ ಗಾಳಿ ಎಳೆಯೋ ಬಾಯಿ ಹಿಂದಕ್ಕೆ ಬಂತು, ಹಿಂಗೆ ತಿದ್ದಿ ತೀಡಿದ ಎಫ್-22 ಹಾರೋ ಹೊತ್ತಿಗೆ 1997, ಯುದ್ಧಕ್ಕೆ ರೆಡಿ ಅಂತ ಹೇಳಿದ್ದು 2005ರ ಡಿಸೆಂಬರಲ್ಲಿ. ಮೊದ್ಲು 750 ಬೇಕು ಅಂದೋರು ಕೊನೆಗೆ ವಾಯುಪಡೆಗೆ ತಗೊಂಡಿದ್ದು ಬರೀ 187, ಸಂಖ್ಯೆ ಇಳೀತಿದ್ದಂಗೆ ಒಂದೊಂದರ ರೇಟು ಏರ್ತಾ ಹೋಯ್ತು. ಅವರದೇ ಇನ್ನೊಂದು ಸ್ಟೆಲ್ತ್ ಫೈಟರ್ ಎಫ್-35ದು ಬೇರೆ ಥರ. ಟೆಸ್ಟಿಂಗ್ ಮುಗಿಯೋಕೆ ಮುಂಚೆನೇ ಪ್ರೊಡಕ್ಷನ್ ಶುರು ಮಾಡಿದ್ರು, ಟೆಸ್ಟಲ್ಲಿ ತಪ್ಪು ಸಿಕ್ಕಾಗೆಲ್ಲ ಆಗ್ಲೇ ಮಾಡಿಟ್ಟ ವಿಮಾನಗಳನ್ನ ವಾಪಸ್ ಬಿಚ್ಚಿ ರಿಪೇರಿ ಮಾಡ್ಬೇಕಾಯ್ತು.

ಸ್ಟೆಲ್ತ್ ಅಂದ್ರೆ ಬರೀ ಮೇಲಿನ ಪೇಂಟ್ ಅಲ್ಲ ಸರ್. ಅಮೆರಿಕದ ಎಫ್-117 ಅನ್ನೋ ಸ್ಟೆಲ್ತ್ ವಿಮಾನಕ್ಕಿಂತ ಮುಂಚೆ 1977ರಲ್ಲಿ ಹಾರಿದ ಹ್ಯಾವ್ ಬ್ಲೂ ಅನ್ನೋ ಪ್ರಯೋಗದ ವಿಮಾನದಲ್ಲಿ ಮೂರು ಸ್ಕ್ರೂ ಪೂರ್ತಿ ಬಿಗಿ ಆಗ್ದೆ ತಲೆ ಚೂರು ಎದ್ದಿದ್ದಕ್ಕೆ ರೇಡಾರಿಗೆ ಕಾಣ್ತಂತೆ. ಮೂರೇ ಸ್ಕ್ರೂ! ಪ್ರೊಟೊಟೈಪಿಗಾದ್ರೆ ಒಳ್ಳೇ ಫಿಟ್ಟರ್ ಒಬ್ಬ ಕೂತು ಕೈಯಲ್ಲೇ ತಿಕ್ಕಿ ಒರೆಸಿ ಕೂರಿಸ್ತಾನೆ. ನೂರನೇ ವಿಮಾನಕ್ಕೂ ಪ್ಯಾನೆಲ್ ಸಂದು ಅಷ್ಟೇ ಬರ್ಬೇಕು, ಬಾಗಿಲು ಅಂಚು ಅಷ್ಟೇ ಕೂರ್ಬೇಕು, ಅದಕ್ಕೆ ಭಾಗಗಳನ್ನ ಹಿಡಿದು ಕೂರಿಸೋ ಜಿಗ್ಗು, ಫಿಕ್ಸ್ಚರ್, ಅಳತೆ ನೋಡೋ ಗೇಜು, ಕಾಂಪೋಸಿಟ್ (ನಾರು, ಅಂಟು ಸೇರಿಸಿ ಮಾಡೋ ಹಗುರ ಗಟ್ಟಿ ವಸ್ತು) ಬೇಯಿಸೋ ಆಟೋಕ್ಲೇವು, ಅವೆಲ್ಲ ನಡೆಸೋಕೆ ಪಳಗಿದ ಕೈ ಬೇಕು. ಒಂದು ಪೀಸ್ ಮಾಡೋನು ಸಿಗ್ತಾನೆ, ನೂರು ಪೀಸ್ ಒಂದೇ ಅಳತೆಗೆ ತೆಗೆಯೋನು ಸಿಗಲ್ಲ, ಇದು ನಮ್ಮ ಶಾಪಲ್ಲೂ ದಿನಾ ಇರೋ ಗೋಳು.

ನಮ್ಮ ತೇಜಸ್ಸೂ ಅಷ್ಟೇ ಅಲ್ವಾ, 2001ರ ಜನವರಿಲಿ ಮೊದಲ ಸಲ ಹಾರ್ತು, ಸ್ಕ್ವಾಡ್ರನ್ ಸೇರಿದ್ದು 2016ರಲ್ಲಿ. 2021ರಲ್ಲಿ 83 ವಿಮಾನಕ್ಕೆ ಆರ್ಡರ್ ಆದ್ಮೇಲೂ ಅಮೆರಿಕದ ಇಂಜಿನ್ ಟೈಮಿಗೆ ಬರ್ದೆ ಎಷ್ಟು ಒದ್ದಾಡಿದ್ವಿ. ಎಎಮ್‌ಸಿಎ ಮೊದಲ ಹಂತಕ್ಕೂ ಅಮೆರಿಕದ ಇಂಜಿನ್ನೇ.

ಅದಕ್ಕೆ ನೀವು ಸದನದಲ್ಲಿ ಇಷ್ಟು ಕೇಳ್ರಿ: ಐದು ಪ್ರೊಟೊಟೈಪ್ ಆದ್ಮೇಲೆ ಪ್ರೊಡಕ್ಷನ್ನಿಗೆ ದುಡ್ಡು ಯಾವಾಗ, ಎಷ್ಟು ವಿಮಾನಕ್ಕೆ ಗಟ್ಟಿ ಆರ್ಡರ್, ಸ್ವಂತ ಇಂಜಿನ್ ಎಲ್ಲಿಗೆ ಬಂತು. ಉತ್ತರ ಬರವಣಿಗೇಲಿ ಬರ್ಲಿ.

ಇನ್ನೊಂದು ನಮ್ಮ ಜಿಲ್ಲೇದೇ ಕೆಲಸ. ಡಿಎಮ್‌ಎಫ್, ಅಂದ್ರೆ ಜಿಲ್ಲಾ ಖನಿಜ ಪ್ರತಿಷ್ಠಾನದ ಗಣಿ ದುಡ್ಡನ್ನ ಕೌಶಲ ತರಬೇತಿಗೂ ಬಳಸಬಹುದು ಅಂತ ನಿಯಮದಲ್ಲೇ ಐತೆ, ಅದರ ಸಮಿತಿಲಿ ಸಂಸದರಾಗಿ ನಿಮಗೂ ಜಾಗ ಐತೆ. ಡಿಆರ್‌ಡಿಓ ವಿಮಾನ ಟೆಸ್ಟ್ ಮಾಡೋ ಜಾಗ ಪಕ್ಕದ ಚಳ್ಳಕೆರೇಲೇ ಐತೆ, ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ತುಮಕೂರಲ್ಲಿ, ಆದ್ರೆ ಬಳ್ಳಾರಿ, ಸಂಡೂರು, ಸಿರುಗುಪ್ಪದ ಐಟಿಐ ಹುಡುಗರು ಪಾಸಾಗಿ ಲಾರಿ ಲೋಡಿಂಗ್ ಲೆಕ್ಕ ಬರಿಯೋಕೆ ಹೋಗ್ತಾರೆ. ಕಂಪ್ಯೂಟರ್ ಹೇಳಿದಂಗೆ ಲೋಹ ಕೊರೆಯೋ ಒಂದು ಐದು ಆಕ್ಸಿಸ್ ಸಿಎನ್‌ಸಿ ಮಷಿನ್, ಅಳತೆ ನೋಡೋ ಸಿಎಮ್‌ಎಮ್ ಮಷಿನ್, ಕಾಂಪೋಸಿಟ್ ಕಲಿಸೋ ಒಂದು ಲ್ಯಾಬ್, ಕಲಿಸೋಕೆ ಎಚ್‌ಎಎಲ್‌ನಿಂದ ರಿಟೈರ್ ಆದೋರು ನಾಲ್ಕು ಜನ, ಇಷ್ಟಾದ್ರೆ ಪ್ರೊಡಕ್ಷನ್ ಶುರು ಆಗೋ ಹೊತ್ತಿಗೆ ಈ ಹುಡುಗರ ಕೈ ಪಳಗಿರ್ತೈತೆ.

ಮುಂದಿನ ಡಿಎಮ್‌ಎಫ್ ಮೀಟಿಂಗಿಗೆ ಇದನ್ನ ಅಜೆಂಡಾದಲ್ಲಿ ಹಾಕಿಸ್ರಿ. ಯಾವ ಮಷಿನ್ ಬೇಕು, ಅದಕ್ಕೆ ಕರೆಂಟ್ ಲೋಡ್ ಎಷ್ಟು ಅಂತ ನಮ್ಮ ಶಾಪ್‌ಗಳೋರೆಲ್ಲ ಸೇರಿ ಬರ್ಕೊಂಡು ನಿಮ್ಮ ಆಫೀಸಿಗೇ ತಂದುಕೊಡ್ತೀವಿ, ಡೇಟ್ ಒಂದು ಹೇಳ್ರಿ.

ಇಂತಿ ನಿಮ್ಮ ಮತದಾರ,
ಬಳ್ಳಾರಿ