ಕತ್ತಿ ಮಸೆಯುವ ಮೊದಲು ಕಲ್ಲನ್ನು ಸಮ ಮಾಡಿ

ಮಾನ್ಯ ಸಂಪಾದಕರೇ,

ಅಜ್ಜನ ಕಾಲದ ಮಡಚುವ ಕ್ಷೌರದ ಕತ್ತಿಯನ್ನು ಪೆಟ್ಟಿಗೆಯಿಂದ ತೆಗೆದು ಮತ್ತೆ ಬಳಸಬೇಕೆನ್ನುವವರು ಇದ್ದಾರೆ. ಅವರು ದಯವಿಟ್ಟು ಅದನ್ನು ಸಾಣೆ ಚಕ್ರಕ್ಕೆ ಕೊಡಬಾರದು. ಬಾಯಿಯ, ಅಂದರೆ ಹರಿತವಾದ ಅಂಚಿನ, ಹತ್ತಿರ ಅಲಗು ಕಾಗದದಷ್ಟು ತೆಳು. ಚಕ್ರದ ಬಿಸಿಗೆ ಅದು ಕ್ಷಣದಲ್ಲಿ ನೀಲಿಗಟ್ಟಿ ಉಕ್ಕಿನ ಹದ ಹೋಗುತ್ತದೆ. ಮತ್ತೆಷ್ಟು ಮಸೆದರೂ ಅಲ್ಲಿ ಹರಿತ ನಿಲ್ಲದು.

ಹಾರ್ಡ್‌ವೇರ್ ಅಂಗಡಿಯ ಎರಡು ಬದಿಯ ಒರಟು ಕಲ್ಲು ಕುಡುಗೋಲಿಗೆ ಸರಿ, ಇದಕ್ಕಲ್ಲ. ನೀರು ಹಾಕಿ ಮಸೆಯುವ 1000 ಗ್ರಿಟ್ (ಕಲ್ಲಿನ ಕಣಗಳ ನಯದ ಸಂಖ್ಯೆ; ಹೆಚ್ಚಿದಷ್ಟೂ ನಯ) ಕಲ್ಲಿನಿಂದ ಶುರು ಮಾಡಿ 4000, ಆಮೇಲೆ 8000, ಕೊನೆಗೆ ಚರ್ಮದ ಪಟ್ಟಿ. 12000 ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಸಣ್ಣ ಮುಕ್ಕುಗಳು ಹೋಗುವುದೂ, ಅಲಗಿನ ಎರಡು ಮುಖ ಬಾಯಿಯಲ್ಲಿ ಕೂಡುವುದೂ 1000ದಲ್ಲೇ. ಅಲ್ಲಿ ಕೂಡದ್ದು 8000ದಲ್ಲಿ ಕೂಡುವುದಿಲ್ಲ.

ಆದರೆ ಒಳ್ಳೆಯ ಕಲ್ಲು ಕೊಂಡವರೂ ಸೋಲುವುದು ಅದು ಸಮವಾಗಿಲ್ಲದ್ದರಿಂದ. ಈ ಕತ್ತಿಯ ಬೆನ್ನು, ಬಾಯಿ ಎರಡೂ ಒಟ್ಟಿಗೆ ಕಲ್ಲಿಗೆ ತಾಗಬೇಕು. ಕೋನವನ್ನು ನಿರ್ಧರಿಸುವುದು ಬೆನ್ನೇ, ಕೈಯಲ್ಲ. ಕಲ್ಲಿನ ನಡುವೆ ಗುಂಡಿ ಬಿದ್ದಿದ್ದರೆ ಮೊನೆ ಮತ್ತು ಬುಡ ಮಾತ್ರ ಸವೆದು ನಡುಭಾಗ ಮೊಂಡಾಗಿಯೇ ಉಳಿಯುತ್ತದೆ. ಹೊಸ ಕಲ್ಲೂ ಸಮವಾಗಿರುತ್ತದೆಂದು ನಂಬಬೇಡಿ.

8ರಿಂದ 10 ಮಿ.ಮೀ. ದಪ್ಪದ ಗಾಜನ್ನು ಸಮತಟ್ಟಾದ ಮೇಜಿನ ಮೇಲಿಟ್ಟು, ನೀರು ಚಿಮುಕಿಸಿ 220 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಅಂಟಿಸಿ. ಕಲ್ಲಿನ ಮೇಲೆ ಪೆನ್ಸಿಲ್‌ನಿಂದ ಸೆಂಟಿಮೀಟರಿಗೊಂದರಂತೆ ಅಡ್ಡ, ಉದ್ದ ಗೆರೆ ಎಳೆದು, ನೀರು ಬಿಡುತ್ತಾ ಹಗುರವಾಗಿ ಉಜ್ಜಿ. ಇಪ್ಪತ್ತು ಸಲ ಉಜ್ಜಿದ ಮೇಲೆ ಕಲ್ಲನ್ನು ತಿರುಗಿಸಿ ಹಿಡಿಯಿರಿ, ಕೈಯ ಭಾರ ಒಂದೇ ಕಡೆ ಬೀಳದಿರಲಿ. ಅಂಚಿನ ಗೆರೆ ಅಳಿಸಿ ನಡುವಿನದು ಉಳಿದರೆ ಗುಂಡಿ ಅಲ್ಲೇ ಇದೆ. ಮತ್ತೆ ಗೆರೆ ಎಳೆಯಿರಿ. ಎಲ್ಲ ಗೆರೆಗಳೂ ಒಟ್ಟಿಗೆ ಅಳಿಸುವ ತನಕ ಬಿಡಬೇಡಿ. ಸ್ಟೀಲ್ ಸ್ಕೇಲನ್ನು ಮೂಲೆಯಿಂದ ಮೂಲೆಗೆ ನಿಲ್ಲಿಸಿ ಬೆಳಕಿಗೆ ಹಿಡಿದರೆ ಸಂದು ಕಾಣಬಾರದು. 4000, 8000ದ ಕಲ್ಲಿಗೆ ಕೊನೆಯಲ್ಲಿ 400ರ ಕಾಗದ ಸಾಕು. ಆಮೇಲೆ ನಲ್ಲಿ ನೀರಿನಲ್ಲಿ ಬ್ರಷ್ ಹಾಕಿ ತೊಳೆಯಲೇಬೇಕು: ಕಾಗದದ ಒಂದು ಒರಟು ಕಣ 8000ದ ಕಲ್ಲಲ್ಲಿ ಕೂತರೂ ಬಾಯಿಗೆ ಗೀರು ಬೀಳುತ್ತದೆ. ಕಲ್ಲಿನ ಚೂಪು ಅಂಚುಗಳನ್ನು ಒಂದೆರಡು ಮಿ.ಮೀ. ಓರೆಯಾಗಿ ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಅಲಗು ಅಲ್ಲಿ ಮುಕ್ಕಾಗುತ್ತದೆ.

ಎರಡು ಕಲ್ಲುಗಳನ್ನು ಒಂದಕ್ಕೊಂದು ಉಜ್ಜಿದರೆ ಸಾಕೆಂಬ ಸಲಹೆ ಅಪಾಯಕಾರಿ. ಒಂದು ಉಬ್ಬಿ ಇನ್ನೊಂದು ತಗ್ಗಾದರೂ ಅವು ಪರಸ್ಪರ ಚೆನ್ನಾಗಿ ಹೊಂದಿಕೊಂಡು ನಮ್ಮನ್ನು ನಂಬಿಸುತ್ತವೆ. ಮೂರು ಕಲ್ಲುಗಳನ್ನು ಜೋಡಿ ಬದಲಿಸಿ ಉಜ್ಜಿದಾಗ ಮಾತ್ರ ಮೂರೂ ಸಮವಾಗುತ್ತವೆ.

ಕಲ್ಲು ಮಾರುವವರಲ್ಲಿ ಒಂದು ಕೋರಿಕೆ: ಡಬ್ಬಿಯ ಮೇಲೆ ‘ಫೈನ್’, ‘ಎಕ್ಸ್‌ಟ್ರಾ ಫೈನ್’ ಎಂದಷ್ಟೇ ಬರೆಯದೆ ಗ್ರಿಟ್ ಸಂಖ್ಯೆಯನ್ನೂ, ಅದು ಯಾವ ಅಳತೆ ಪದ್ಧತಿಯದೆಂಬುದನ್ನೂ ಅಚ್ಚು ಹಾಕಿಸಿ.

— ಕತ್ತಿ ಮಸೆಯುವ ಹವ್ಯಾಸಿಗಳು, ಮೈಸೂರು